ಗೋಡೆಯ ಮೇಲಿನ ಮುಖಗಳು

ನಿಮ್ಮ ಮನೆಯ ನಡುಮನೆಯಲ್ಲಿ, ತೊಲೆಗೆ ಸ್ವಲ್ಪ ಕೆಳಗೆ, ಗೋಡೆಯಿಂದ ಮುಂದಕ್ಕೆ ಬಾಗಿದಂತೆ ತೂಗಹಾಕಿದ ಹಳೆಯ ಪಟ ಒಂದಾದರೂ ಇರಬೇಕು. ಇಲ್ಲದಿದ್ದರೆ ನಿಮ್ಮ ದೊಡ್ಡಪ್ಪನ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಖಂಡಿತವಾಗಿ ಇರುತ್ತದೆ. ಕರಿಯ ಚೌಕಟ್ಟು, ಗಂಧದ ಚಕ್ಕೆಯ ಹಾರ, ಗಾಜಿನ ಮೂಲೆಯಲ್ಲಿ ಗೆದ್ದಲಿನ ಒಂದು ಗೆರೆ. ರುಮಾಲು ಸುತ್ತಿ, ಮುಚ್ಚುಕೋಟು ತೊಟ್ಟು, ಎರಡು ಮೊಣಕಾಲಿನ ಮೇಲೆ ಎರಡು ಕೈ ಊರಿ ಕುಳಿತ ತಾತ. ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತ ಅಜ್ಜಿ. ಇಬ್ಬರ ಮುಖದಲ್ಲಿಯೂ ನಗೆಯ ಸುಳಿವಿಲ್ಲ. ಮನೆಯ ಮಕ್ಕಳು ಆ ಪಟವನ್ನು ನೋಡಿ, 'ಇವರಿಗೆ ಯಾರ ಮೇಲೆ ಇಷ್ಟು ಕೋಪ?' ಎಂದು ಕೇಳಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ನಮ್ಮ ಮನೆಯಲ್ಲಿಯೂ ಅಂಥ ಪಟವೊಂದಿದೆ. ಅದು ನಮ್ಮ ಅಜ್ಜಿಯದು ಎಂದು ಹೇಳುತ್ತೇವೆ. ಅಜ್ಜಿ ಬದುಕಿರುವ ತನಕ ಒಬ್ಬಳೇ ಕುಳಿತು ಫೋಟೋ ತೆಗೆಸಿಕೊಂಡವಳಲ್ಲ. ಪಟ ತೆಗೆಸಿಕೊಂಡರೆ ಆಯುಸ್ಸು ಕಡಮೆಯಾಗುತ್ತದೆ ಎಂದು ಅವಳ ನಂಬಿಕೆ. ಅವಳು ತೀರಿಕೊಂಡ ಮೇಲೆ, ವೈಕುಂಠ ಸಮಾರಾಧನೆಯ ದಿನಕ್ಕೆ ಪಟ ಬೇಕಾಯಿತು. ಪೆಟ್ಟಿಗೆಯನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು ಯಾರದೋ ಮದುವೆಯ ಗುಂಪಿನ ಫೋಟೋ. ಮೂರನೆಯ ಸಾಲಿನಲ್ಲಿ, ಇಬ್ಬರ ಹೆಗಲುಗಳ ನಡುವೆ, ಕಡಲೆಬೇಳೆಯಷ್ಟು ಮುಖ. ಸ್ಟುಡಿಯೋದವರು ಆ ಬೇಳೆಯನ್ನೇ ಹಿಗ್ಗಿಸಿ ದೊಡ್ಡದು ಮಾಡಿ, ಕಾಣದ ಕಣ್ಣಿಗೆ ಕುಂಚದಿಂದ ಕಣ್ಣು ಬರೆದು, ಇಲ್ಲದ ಸೀರೆಗೆ ಅಂಚು ಬರೆದು, ಕೆನ್ನೆಯ ಸುಕ್ಕನ್ನು ಒರಸಿ ಕೊಟ್ಟರು. ಅದನ್ನು ಗೋಡೆಗೆ ಹಾಕುವಾಗ ನಮ್ಮ ತಾಯಿ, 'ಅಮ್ಮನ ಹಾಗಿಲ್ಲವಲ್ಲ' ಎಂದು ಮೆಲ್ಲಗೆ ಅಂದದ್ದು ನನಗೆ ನೆನಪಿದೆ. ಬೇರೆ ಪಟ ಇರಲಿಲ್ಲ, ಅದನ್ನೇ ಹಾಕಿದೆವು. ಈಗ ಅಜ್ಜಿಯನ್ನು ಕಂಡವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಇನ್ನು ಕೆಲವು ವರ್ಷ ಕಳೆದರೆ ಸ್ಟುಡಿಯೋದವರು ಬರೆದ ಮುಖವೇ ಅವಳ ಮುಖವಾಗಿ ನಿಂತುಬಿಡುತ್ತದೆ.

ಮನುಷ್ಯರ ಪಟವನ್ನು ಚೆನ್ನಾಗಿ ತೆಗೆಯುವುದು ಹೇಗೆ ಎಂದು ನಾನು ಹಳೆಯ ಪುಸ್ತಕಗಳನ್ನೂ ಹಳೆಯ ಚಿತ್ರಗಳನ್ನೂ ನೋಡತೊಡಗಿದ್ದು ಈ ಒಂದು ಪಟದಿಂದ. ಕಂಡದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಮೊದಲು ಅಜ್ಜಿಯ ನಂಬಿಕೆಯ ಮಾತು. ಅದನ್ನು ಹಳ್ಳಿಯ ಮೌಢ್ಯವೆಂದು ನಗುವವರು ಬಾಲ್ಜಾಕನ ವಿಚಾರವನ್ನು ಕೇಳಬೇಕು. ಫ್ರಾನ್ಸಿನ ಈ ಮಹಾ ಕಾದಂಬರಿಕಾರನಿಗೂ ಕ್ಯಾಮೆರಾ ಎಂದರೆ ಅಂಜಿಕೆಯಿತ್ತು. ಮನುಷ್ಯನ ದೇಹ ಈರುಳ್ಳಿಯ ಹಾಗೆ ಪದರ ಪದರವಾಗಿದೆ, ಒಂದೊಂದು ಫೋಟೋ ತೆಗೆದಾಗಲೂ ಒಂದೊಂದು ಪದರ ಕಳಚಿ ಹೋಗುತ್ತದೆ ಎಂಬಂಥ ಸಿದ್ಧಾಂತವನ್ನೇ ಆತ ಕಟ್ಟಿಕೊಂಡಿದ್ದನೆಂದು ಅವನ ಪರಿಚಿತನಾಗಿದ್ದ ಛಾಯಾಗ್ರಾಹಕ ನಾಡಾರ್ ಬರೆದಿಟ್ಟಿದ್ದಾನೆ. ಈರುಳ್ಳಿಯ ಹೋಲಿಕೆ ನನ್ನದು. ಪದರದ ಮಾತು ಬಾಲ್ಜಾಕನದು. ಪ್ಯಾರಿಸ್ಸಿನ ಪಂಡಿತನಿಗೆ ಇದ್ದ ಅಳುಕು ನಮ್ಮ ಅಜ್ಜಿಗಿದ್ದರೆ ತಪ್ಪೇನು?

ಪ್ಯಾರಿಸ್ಸಿನಲ್ಲಿ ದಾಗೇರನು ಕಂಡುಹಿಡಿದ ವಿಧಾನವನ್ನು ೧೮೩೯ರ ಆಗಸ್ಟ್ ೧೯ರಂದು ಲೋಕಕ್ಕೆ ಪ್ರಕಟಿಸಿದರು. ಬೆಳ್ಳಿಯ ಲೇಪವುಳ್ಳ ತಾಮ್ರದ ತಗಡಿನ ಮೇಲೆ ಚಿತ್ರ ಮೂಡುತ್ತಿತ್ತು. ಕಟ್ಟಡ, ಮರ, ಕಲ್ಲಿನ ಪ್ರತಿಮೆಗಳಿಗೆ ಇದು ಸರಿಹೋಯಿತು, ಅವು ಅಲುಗುವುದಿಲ್ಲ. ಆದರೆ ಚೆನ್ನಾದ ಬಿಸಿಲಿನಲ್ಲಿ ಕೂಡ ಹತ್ತು ಹದಿನೈದು ನಿಮಿಷ ಬೆಳಕು ಬೀಳಬೇಕಾಗಿದ್ದ ಆ ತಗಡಿನ ಮುಂದೆ ಜೀವವುಳ್ಳ ಮನುಷ್ಯ ಕೂರುವುದು ಹೇಗೆ? ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ಎಂಬ ತರುಣನೊಬ್ಬ ತಮ್ಮ ದೀಪದ ಅಂಗಡಿಯ ಹಿಂದೆ ಕ್ಯಾಮೆರಾ ನಿಲ್ಲಿಸಿ, ತಾನೇ ಅದರ ಮುಂದೆ ನಿಶ್ಚಲನಾಗಿ ನಿಂತು ತನ್ನ ಚಿತ್ರವನ್ನು ತೆಗೆದುಕೊಂಡ. ಕೆದರಿದ ಕೂದಲು, ಎದೆಯ ಮೇಲೆ ಕಟ್ಟಿದ ಕೈ, ಒಂದು ಪಕ್ಕಕ್ಕೆ ಹರಿದ ನೋಟ. ಉಳಿದುಬಂದ ಅತಿ ಹಳೆಯ ಭಾವಚಿತ್ರಗಳಲ್ಲಿ ಅದೊಂದು. ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ಚಟ ಮೊಬೈಲ್ ಫೋನಿನಿಂದ ಬಂತೆಂದು ಮಕ್ಕಳನ್ನು ಬೈಯುವವರು ಇದನ್ನು ನೆನಪಿಡಬೇಕು.

ಮಾರನೆಯ ವರ್ಷವೇ ವಿಯೆನ್ನಾದ ಗಣಿತದ ಪ್ರಾಧ್ಯಾಪಕ ಯೋಸೆಫ್ ಪೆಟ್ಸ್‌ವಾಲ್ ಭಾವಚಿತ್ರಕ್ಕೆಂದೇ ಹೊಸ ಮಸೂರವೊಂದನ್ನು ಲೆಕ್ಕ ಹಾಕಿ ಕೊಟ್ಟ. ಆ ಲೆಕ್ಕ ಎಷ್ಟು ದೊಡ್ಡದಾಗಿತ್ತೆಂದರೆ ಫಿರಂಗಿ ದಳದಲ್ಲಿ ಲೆಕ್ಕ ಬಲ್ಲ ಸಿಪಾಯಿಗಳನ್ನು ಅವನ ಸಹಾಯಕ್ಕೆ ಕೊಡಬೇಕಾಯಿತಂತೆ. ಗುಂಡು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುತ್ತಿದ್ದವರು ಬೆಳಕು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿದರು. ಹಿಂದಿನ ಮಸೂರಕ್ಕಿಂತ ಹತ್ತಾರು ಪಟ್ಟು ಹೆಚ್ಚು ಬೆಳಕನ್ನು ಇದು ಒಳಗೆ ಬಿಟ್ಟಿತು. ಕೂರಬೇಕಾದ ಹೊತ್ತು ನಿಮಿಷದ ಒಳಕ್ಕೆ ಇಳಿಯಿತು.

ಒಂದು ನಿಮಿಷವೆಂದರೂ ಕಡಮೆಯಲ್ಲ. ಈ ಸಾಲನ್ನು ಓದುವುದು ನಿಲ್ಲಿಸಿ, ಗಡಿಯಾರ ನೋಡುತ್ತ ಒಂದು ನಿಮಿಷ ಮುಗುಳ್ನಗೆಯನ್ನು ಹಿಡಿದಿಟ್ಟುಕೊಳ್ಳಿ. ಇಪ್ಪತ್ತು ಸೆಕೆಂಡಿನಲ್ಲಿ ತುಟಿ ನಡುಗತೊಡಗುತ್ತದೆ. ಅದಕ್ಕೇ ಸ್ಟುಡಿಯೋಗಳಲ್ಲಿ ಕುರ್ಚಿಯ ಹಿಂದೆ ಕಬ್ಬಿಣದ ಕಂಬ ನೆಟ್ಟು, ತುದಿಯಲ್ಲಿ ಕವೆಯಂಥದೊಂದನ್ನು ಇಟ್ಟು, ಅದರೊಳಗೆ ತಲೆಯ ಹಿಂಭಾಗವನ್ನು ಸಿಕ್ಕಿಸುತ್ತಿದ್ದರು. ನಿಂತವರ ಹಿಂದೆ ಆ ಕಂಬದ ಪಾದ ಇಣುಕುವುದನ್ನು ಹಳೆಯ ಚಿತ್ರಗಳಲ್ಲಿ ಈಗಲೂ ಕಾಣಬಹುದು. ತಲೆಗೆ ಕಬ್ಬಿಣ ಒತ್ತಿದವರ ಮುಖದಲ್ಲಿ ನಗೆ ಎಲ್ಲಿಂದ ಬರಬೇಕು?

ಆದರೆ ಇದು ಪೂರ್ತಿ ಉತ್ತರವಲ್ಲ. ನಿಮ್ಮ ತಾತನ ಪಟವನ್ನು ತೆಗೆಯುವ ಕಾಲಕ್ಕೆ ಕ್ಯಾಮೆರಾಕ್ಕೆ ಒಂದು ಸೆಕೆಂಡು ಸಾಕಾಗಿತ್ತು. ಕಬ್ಬಿಣದ ಕವೆ ಮೂಲೆ ಸೇರಿ ಎಷ್ಟೋ ವರ್ಷವಾಗಿತ್ತು. ಆದರೂ ತಾತ ನಗಲಿಲ್ಲ. ಏಕೆಂದರೆ ಪಟ ತೆಗೆಸಿಕೊಳ್ಳುವುದು ಜನ್ಮಕ್ಕೊಂದು ಸಲದ ಕಾರ್ಯ. ಎಣ್ಣೆಸ್ನಾನ ಮಾಡಿ, ಪೆಟ್ಟಿಗೆಯ ಕೋಟು ತೆಗೆದು, ಜಟಕಾ ಮಾಡಿಕೊಂಡು ಹೋಗಿ, ಹಣ ಕೊಟ್ಟು ಮಾಡಿಸಿಕೊಂಡದ್ದು. ರಿಜಿಸ್ಟರ್ ಕಚೇರಿಯಲ್ಲಿ ಸಹಿ ಹಾಕುವಾಗ ಯಾರಾದರೂ ಹಲ್ಲು ಕಿರಿಯುತ್ತಾರೆಯೆ? ತಾನು ಸತ್ತ ಮೇಲೆ ಗೋಡೆಯ ಮೇಲಿರುವ ಮುಖ ಇದು ಎಂಬುದು ತಾತನಿಗೆ ಗೊತ್ತಿತ್ತು.

ಇನ್ನು ನನಗೆ ಬಹಳ ಪ್ರಿಯವಾದ ಇಬ್ಬರ ಕಥೆ. ೧೮೪೩ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಚರ್ಚಿನಲ್ಲಿ ದೊಡ್ಡ ಒಡಕಾಗಿ ನಾನೂರಕ್ಕೂ ಹೆಚ್ಚು ಮಂದಿ ಪಾದ್ರಿಗಳು ತಮ್ಮ ಸಂಬಳ, ಮನೆಗಳನ್ನು ಬಿಟ್ಟು ಹೊರಗೆ ನಡೆದರು. ಡೇವಿಡ್ ಆಕ್ಟೇವಿಯಸ್ ಹಿಲ್ ಎಂಬ ಚಿತ್ರಗಾರನಿಗೆ ಆ ಸಭೆಯನ್ನು ಒಂದೇ ಚಿತ್ರದಲ್ಲಿ ಬರೆಯುವ ಹಂಬಲ ಹುಟ್ಟಿತು. ನೂರಾರು ಮುಖ! ಎಲ್ಲರೂ ಊರಿಗೆ ಹೊರಟುಹೋಗುವುದರೊಳಗೆ ಬರೆದುಕೊಳ್ಳುವುದು ಹೇಗೆ? ವಿಜ್ಞಾನಿ ಸರ್ ಡೇವಿಡ್ ಬ್ರೂಸ್ಟರ್ ಅವರು ಒಂದು ಉಪಾಯ ಹೇಳಿ ರಾಬರ್ಟ್ ಆಡಮ್‌ಸನ್ ಎಂಬ ಇಪ್ಪತ್ತೆರಡರ ತರುಣನ ಪರಿಚಯ ಮಾಡಿಸಿದರು. ಅವನಿಗೆ ಕಾಗದದ ಮೇಲೆ ಫೋಟೋ ತೆಗೆಯುವುದು ಗೊತ್ತಿತ್ತು. ಹಿಲ್ ಕೂರಿಸಿದ, ಆಡಮ್‌ಸನ್ ತೆಗೆದ. ಎಡಿನ್‌ಬರೋದ ಕಾಲ್ಟನ್ ಗುಡ್ಡದ ಮೇಲಿನ ಮನೆಯ ಅಂಗಳವೇ ಅವರ ಸ್ಟುಡಿಯೋ, ಸೂರ್ಯನೇ ದೀಪ. ನಾಲ್ಕೂವರೆ ವರ್ಷದಲ್ಲಿ ಸುಮಾರು ಮೂರು ಸಾವಿರ ಚಿತ್ರ ತೆಗೆದರು. ೧೮೪೮ರ ಜನವರಿಯಲ್ಲಿ ಆಡಮ್‌ಸನ್ ತೀರಿಕೊಂಡ, ವಯಸ್ಸು ಇಪ್ಪತ್ತಾರು. ಹಿಲ್ಲನ ಆ ದೊಡ್ಡ ವರ್ಣಚಿತ್ರ ಮುಗಿದದ್ದು ೧೮೬೬ರಲ್ಲಿ, ಇಪ್ಪತ್ತಮೂರು ವರ್ಷಗಳ ಮೇಲೆ. ಅದನ್ನು ನೋಡಿದರೆ ಶಾಲೆಯ ವಾರ್ಷಿಕೋತ್ಸವದ ಗುಂಪಿನ ಫೋಟೋ ನೆನಪಾಗುತ್ತದೆ. ಲೋಕ ಇಂದು ಕೊಂಡಾಡುತ್ತಿರುವುದು ಅದನ್ನಲ್ಲ. ಅದಕ್ಕೆ ಸಿದ್ಧತೆಯೆಂದು ತೆಗೆದ ಫೋಟೋಗಳನ್ನು.

ಅವರು ಮಾಡಿದ್ದೇನು? ಕೂತವರ ಕೈಗೆ ಕೆಲಸ ಕೊಟ್ಟರು. ಒಬ್ಬನ ಕೈಯಲ್ಲಿ ಪುಸ್ತಕ. ಇನ್ನೊಬ್ಬನು ಮೇಜಿನ ಮೇಲೆ ಮೊಣಕೈ ಊರಿ ಕೆನ್ನೆಗೆ ಕೈಯಾನಿಸಿದ್ದಾನೆ. ಹಾಗೆ ಆನಿಸಿದ್ದರಿಂದ ತಲೆ ಅಲುಗಲಿಲ್ಲ, ಕಬ್ಬಿಣದ ಕವೆಯ ಅಗತ್ಯವೂ ಕಡಮೆಯಾಯಿತು. ನೋಡುವವರಿಗೆ ಮಾತ್ರ ಏನೋ ಯೋಚಿಸುತ್ತ ಕುಳಿತ ಮನುಷ್ಯ ಕಾಣುತ್ತಾನೆ. ನ್ಯೂಹೇವನ್ ಎಂಬ ಮೀನುಗಾರರ ಹಳ್ಳಿಗೆ ಹೋಗಿ ಅಲ್ಲಿನ ಹೆಂಗಸರ ಚಿತ್ರ ತೆಗೆದಾಗ ಅವರ ಬುಟ್ಟಿಗಳನ್ನು ಪಕ್ಕಕ್ಕಿಡಿಸಲಿಲ್ಲ. ಒಬ್ಬಳ ಹೆಗಲಿಗೆ ಒಬ್ಬಳು ಒರಗಿದ ಆ ಮೀನುಗಾರ್ತಿಯರು ಪಾದ್ರಿಗಳಿಗಿಂತ ಹೆಚ್ಚಿನ ಘನತೆಯಿಂದ ಕಾಣುತ್ತಾರೆ. ನೀವು ಯಾರದಾದರೂ ಪಟ ತೆಗೆಯುವಾಗ ಅವರ ಕೈಗಳು ಏನು ಮಾಡುತ್ತಿವೆ ಎಂದು ಮೊದಲು ನೋಡಿ. ಕೆಲಸವಿಲ್ಲದ ಕೈ ಮುಖವನ್ನು ಕೆಡಿಸುತ್ತದೆ.

ಅಲ್ಲಿಂದ ಮುಂದೆ ವ್ಯಾಪಾರ ಬಂತು. ೧೮೫೪ರಲ್ಲಿ ಪ್ಯಾರಿಸ್ಸಿನ ಡಿಸ್ಡೇರಿ ಎಂಬಾತನು ಒಂದೇ ಗಾಜಿನ ಫಲಕದ ಮೇಲೆ ಎಂಟು ಚಿಕ್ಕ ಚಿತ್ರ ಮೂಡಿಸಿ, ಭೇಟಿಚೀಟಿಯ ಅಳತೆಯ ರಟ್ಟಿಗೆ ಅಂಟಿಸಿ ಮಾರುವ ಹಂಚಿಕೆಗೆ ಸನ್ನದು ಪಡೆದ. ಬೆಲೆ ಇಳಿಯಿತು, ಜನ ಮುಗಿಬಿದ್ದರು. ಬಣ್ಣದ ಪರದೆಯ ಮೇಲೆ ಬರೆದ ಕಂಬ, ಮೆಟ್ಟಿಲು, ಕೊಳ, ಪಕ್ಕದಲ್ಲಿ ಹೂದಾನಿಯ ಸ್ಟ್ಯಾಂಡು: ನಮ್ಮ ಪೇಟೆಯ ಸ್ಟುಡಿಯೋಗಳವರೆಗೆ ನಡೆದುಬಂದ ಸಂಸಾರವೆಲ್ಲ ಆ ಕಾಲದ್ದು. ಬಾಡಿಗೆ ಮನೆಯಲ್ಲಿದ್ದ ಗುಮಾಸ್ತರೂ ಪಟದಲ್ಲಿ ಅರಮನೆಯ ಮೆಟ್ಟಿಲ ಮೇಲೆ ನಿಂತರು. ಇದನ್ನು ನಾನು ಹೀಗಳೆಯುವುದಿಲ್ಲ. ಒಂದು ದಿನದ ಅರಮನೆ ಯಾರಿಗೆ ಬೇಡ? ಆದರೆ ಪರದೆ ನೋಡುವ ಕಣ್ಣಿಗೆ ಮುಖ ಹಿಂದಾಯಿತು.

ಮುಖವನ್ನು ಮತ್ತೆ ಮುಂದಕ್ಕೆ ತಂದವರಲ್ಲಿ ಒಬ್ಬಾಕೆ ನಮ್ಮ ದೇಶದಲ್ಲಿಯೇ ಹುಟ್ಟಿದವಳು. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಹುಟ್ಟಿದ್ದು ೧೮೧೫ರಲ್ಲಿ, ಕಲ್ಕತ್ತೆಯಲ್ಲಿ. ತಂದೆ ಕಂಪನಿ ಸರ್ಕಾರದ ಅಧಿಕಾರಿ. ಮದುವೆಯಾದದ್ದೂ ಕಲ್ಕತ್ತೆಯಲ್ಲಿಯೇ. ಗಂಡನಿಗೆ ಸಿಂಹಳದಲ್ಲಿ ಕಾಫಿಯ ತೋಟಗಳು. ಮುಂದೆ ಇಂಗ್ಲೆಂಡಿಗೆ ಹೋಗಿ ವೈಟ್ ದ್ವೀಪದಲ್ಲಿ ನೆಲಸಿದಳು. ೧೮೬೩ರ ಕೊನೆಯಲ್ಲಿ, ಗಂಡ ತೋಟ ನೋಡಲು ಸಿಂಹಳಕ್ಕೆ ಹೋಗಿ ಮನೆ ಬರಿದಾಗಿದ್ದಾಗ, ಮಗಳು ಮತ್ತು ಅಳಿಯ ಹೊತ್ತು ಕಳೆಯಲೆಂದು ಆಕೆಗೆ ಒಂದು ಕ್ಯಾಮೆರಾ ತಂದುಕೊಟ್ಟರು. ಆಗ ಆಕೆಗೆ ನಲವತ್ತೆಂಟು ವರ್ಷ. ಈ ವಯಸ್ಸಿನಲ್ಲಿ ಇನ್ನೇನು ಕಲಿಯುವುದು ಎನ್ನುವ ಗೃಹಿಣಿಯರು ದಯವಿಟ್ಟು ಈ ಅಂಕಿಯನ್ನು ಮತ್ತೊಮ್ಮೆ ಓದಬೇಕು.

ಆಕೆ ಕಲ್ಲಿದ್ದಲಿನ ಕೋಣೆಯನ್ನು ಕತ್ತಲಕೋಣೆ ಮಾಡಿಕೊಂಡಳು. ಗಾಜು ಹಾಕಿದ ಕೋಳಿಗೂಡನ್ನು ಖಾಲಿ ಮಾಡಿಸಿ ಸ್ಟುಡಿಯೋ ಮಾಡಿಕೊಂಡಳು. ಕೋಳಿಗಳ ಗತಿ ಏನಾಯಿತೆಂಬ ಬಗ್ಗೆ ಆಕೆಗೇ ಸ್ವಲ್ಪ ಸಂಶಯವಿತ್ತು. ಆಗಿನದು ಒದ್ದೆ ಫಲಕದ ಕಾಲ. ಗಾಜಿನ ಮೇಲೆ ಅಂಟಾದ ಕಲೋಡಿಯನ್ ಹರಡಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಆರುವುದರೊಳಗೆ ಚಿತ್ರ ತೆಗೆದು ತೊಳೆದು ಮುಗಿಸಬೇಕು. ಕೈ, ಮೇಜಿನ ಬಟ್ಟೆ, ಉಟ್ಟ ಬಟ್ಟೆ ಎಲ್ಲ ಕಪ್ಪು. ೧೮೬೪ರ ಜನವರಿಯಲ್ಲಿ ಆನಿ ಎಂಬ ನೆರೆಯ ಹುಡುಗಿಯೊಬ್ಬಳ ಚಿತ್ರ ಸರಿಯಾಗಿ ಬಂದಾಗ, ಚಿತ್ರವನ್ನು ಆ ಹುಡುಗಿಯೇ ಮಾಡಿದಳೋ ಎಂಬಂತೆ ಅವಳಿಗೆ ಕೊಡಲು ಉಡುಗೊರೆ ಹುಡುಕುತ್ತ ಮನೆಯೆಲ್ಲ ಓಡಾಡಿದಳಂತೆ. ನನಗೆ ಈ ಒಂದು ಸಂಗತಿಯಲ್ಲಿಯೇ ಆಕೆಯ ಕಲೆಯ ಗುಟ್ಟೆಲ್ಲ ಕಾಣುತ್ತದೆ. ಚಿತ್ರವನ್ನು ಕೊಡುವವರು ಕೂತವರು, ತೆಗೆಯುವವರು ಪಡೆಯುವವರು.

ಮುಂದೆ ದೊಡ್ಡ ಕ್ಯಾಮೆರಾ ಬಂತು, ಹದಿನೈದು ಅಂಗುಲಕ್ಕೆ ಹನ್ನೆರಡು ಅಂಗುಲದ ಫಲಕ. ಆಕೆ ಪರದೆ, ಕಂಬ, ಹೂದಾನಿ ಎಲ್ಲವನ್ನೂ ಬಿಟ್ಟಳು. ಹಿಂದೆ ಒಂದು ಕಪ್ಪು ಬಟ್ಟೆ. ಮುಂದೆ ಚೌಕಟ್ಟು ತುಂಬ ಒಂದೇ ಮುಖ. ಒಂದು ಪಕ್ಕದಿಂದ ಇಳಿದುಬರುವ ಬೆಳಕು. ಕೂತವರು ಮೂರರಿಂದ ಏಳು ನಿಮಿಷ ಅಲುಗದೆ ಕೂರಬೇಕು. ನೆರೆಯಲ್ಲಿದ್ದ ಕವಿ ಟೆನಿಸನ್ನರು ಆಕೆಯ ಕೈಗೆ ಸಿಕ್ಕವರನ್ನು ಬಲಿಪಶುಗಳೆಂದು ಹಾಸ್ಯ ಮಾಡುತ್ತಿದ್ದರಂತೆ. ಅವರೂ ಅನೇಕ ಸಲ ಬಲಿಯಾದವರೇ. ಏಳು ನಿಮಿಷದಲ್ಲಿ ಯಾರ ವೇಷವೂ ನಿಲ್ಲುವುದಿಲ್ಲ. ಮೊದಲ ನಿಮಿಷ ಗಣ್ಯರು ಗಣ್ಯರಂತೆ ಕೂರುತ್ತಾರೆ, ಆಮೇಲೆ ದಣಿಯುತ್ತಾರೆ, ಆಮೇಲೆ ತಮ್ಮಷ್ಟಕ್ಕೆ ತಾವಾಗುತ್ತಾರೆ. ಫಲಕಕ್ಕೆ ಸಿಕ್ಕುತ್ತಿದ್ದುದು ಆ ಮುಖ.

೧೮೬೭ರಲ್ಲಿ ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲ್ಲರ ಚಿತ್ರವನ್ನು ಆಕೆ ತೆಗೆದಳು. ಫೋಟೋ ಅಳಿಸಿಹೋಗದಂತೆ ನಿಲ್ಲಿಸುವ ಹೈಪೋ ದ್ರಾವಣದ ಗುಣವನ್ನು ೧೮೧೯ರಷ್ಟು ಹಿಂದೆಯೇ ಕಂಡುಹಿಡಿದವರು ಅವರು. ಆಕೆಗೆ ಮೂವತ್ತು ವರ್ಷಗಳ ಸ್ನೇಹಿತರು. ಆಕೆ ಎಪ್ಪತ್ತೈದರ ಆ ಮುದುಕರ ತಲೆಗೂದಲನ್ನು ತೊಳೆಸಿ ಕೆದರಿಸಿ ಕೂರಿಸಿದಳು. ಬಾಚಿ ಕೂರಿಸಿದ ಮುದುಕರ ಚಿತ್ರ ಲೋಕದಲ್ಲಿ ಲಕ್ಷಾಂತರವಿದೆ. ಕತ್ತಲೆಯೊಳಗಿಂದ ಬೆಳ್ಳಗೆ ಎದ್ದ ಆ ಕೂದಲು, ಸುಕ್ಕು ಸುಕ್ಕಿನಲ್ಲಿಯೂ ನೆರಳು ನಿಂತ ಹಣೆ, ನೀರು ತುಂಬಿದಂಥ ಆ ಕಣ್ಣುಗಳು ಮಾತ್ರ ಒಂದೇ. ಮುಖ ತುಸು ಮಸಕಾಗಿದೆ, ಕಲೆ ಬಿದ್ದಿದೆ ಎಂದು ಆ ಕಾಲದ ಫೋಟೋ ಪಂಡಿತರು ಆಕೆಯ ಚಿತ್ರಗಳನ್ನು ಹಳಿದರು. ಕೆಲವು ಮಟ್ಟಿಗೆ ಅದು ನಿಜವೂ ಹೌದು. ಗಾಜಿನ ಮೇಲೆ ಬೆರಳಚ್ಚು, ಕೂದಲೆಳೆ ಸಿಕ್ಕ ಚಿತ್ರಗಳನ್ನೂ ಆಕೆ ಬಿಸಾಡಲಿಲ್ಲ. ಮುಖ ಬಂದಿದೆಯಲ್ಲ, ಸಾಕು.

ಇಷ್ಟು ಹೊಗಳಿ ಇನ್ನೊಂದು ಪಕ್ಕವನ್ನು ಮುಚ್ಚಿಡಬಾರದು. ಆಕೆ ೧೮೭೫ರಲ್ಲಿ ಗಂಡನೊಡನೆ ಸಿಂಹಳಕ್ಕೆ ಹೊರಟಳು. ೧೮೭೯ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಅಲ್ಲಿಯೂ ಕೆಲವು ಚಿತ್ರ ತೆಗೆದಳು. ಇಂಗ್ಲೆಂಡಿನಲ್ಲಿ ತೆಗೆದ ದೊಡ್ಡವರ ಚಿತ್ರಗಳಿಗೆ ಹರ್ಷೆಲ್, ಕಾರ್ಲೈಲ್ ಎಂಬ ಹೆಸರಿದೆ. ಸಿಂಹಳದ ಚಿತ್ರಕ್ಕೆ 'ಕಲುತರದ ರೈತರ ಗುಂಪು' ಎಂಬಂಥ ಹಣೆಪಟ್ಟಿ. ಅವರಿಗೂ ಹೆಸರಿತ್ತು, ಯಾರೂ ಬರೆದುಕೊಳ್ಳಲಿಲ್ಲ. ೧೮೭೭ರಲ್ಲಿ ಅಲ್ಲಿಗೆ ಹೋಗಿದ್ದ ಹೂಗಳ ಚಿತ್ರಗಾರ್ತಿ ಮೇರಿಯನ್ ನಾರ್ತಳನ್ನು ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ತಲೆಗೆ ಚುಚ್ಚುವ ತೆಂಗಿನ ಗರಿಗಳ ನಡುವೆ ನಿಲ್ಲಿಸಿ ಫಲಕದ ಮೇಲೆ ಫಲಕ ಖರ್ಚು ಮಾಡಿದರೂ ಏನೂ ಸೊಗಸಾಗಿ ಬರಲಿಲ್ಲವಂತೆ. ನಾರ್ತಳೇ ನಗುತ್ತ ಬರೆದುಕೊಂಡಿದ್ದಾಳೆ. ನಡುಹಗಲಿನ ಸೂರ್ಯ ದೊಡ್ಡ ಕಲಾವಿದರನ್ನೂ ಸೋಲಿಸುತ್ತಾನೆ.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಕ್ಯಾಮೆರಾನ್ ಕೋಳಿಗೂಡಿನಲ್ಲಿ ಚಿತ್ರ ತೆಗೆಯುತ್ತಿದ್ದ ಆ ದಶಕದಲ್ಲಿಯೇ ನಮ್ಮ ದೇಶದಲ್ಲಿ ಸರ್ಕಾರದ ಒಂದು ದೊಡ್ಡ ಉದ್ಯೋಗ ನಡೆದಿತ್ತು. 'ಭಾರತದ ಜನರು' ಎಂಬ ಅರ್ಥದ ಹೆಸರಿನಲ್ಲಿ ೧೮೬೮ರಿಂದ ೧೮೭೫ರವರೆಗೆ ಎಂಟು ಸಂಪುಟಗಳು ಲಂಡನ್ನಿನಲ್ಲಿ ಹೊರಬಂದವು. ನಾನೂರಕ್ಕೂ ಹೆಚ್ಚು ಫೋಟೋಗಳು. ಒಂದೊಂದರ ಕೆಳಗೂ ಜಾತಿ, ಬುಡಕಟ್ಟು, ಊರು. ಈ ಪಂಗಡ ನಂಬಿಕಸ್ಥರೋ ಕಳ್ಳರೋ ಎಂಬ ಟಿಪ್ಪಣಿ. ಚಿಟ್ಟೆಗಳನ್ನು ಸೂಜಿಗೆ ಚುಚ್ಚಿಟ್ಟಂತೆ. ೧೮೬೯ರಲ್ಲಿ ಲಂಡನ್ನಿಗೆ ಹೋಗಿದ್ದ ಸರ್ ಸಯ್ಯದ್ ಅಹಮದ್ ಖಾನರು ಮತ್ತು ಅವರ ಮಗ ಇದನ್ನು ಇಂಡಿಯಾ ಆಫೀಸಿನಲ್ಲಿ ನೋಡಿದರು. ಪುಟ ತಿರುವುತ್ತಿದ್ದ ಇಂಗ್ಲಿಷ್ ತರುಣನೊಬ್ಬ, ನೀವೂ ಹಿಂದೂಸ್ತಾನಿಯೋ ಎಂದು ಕೇಳಿದಾಗ ಹುಡುಗನ ಮುಖ ಕೆಂಪೇರಿತಂತೆ. ಹೌದೆಂದು ಹೇಳಿ, ಕೂಡಲೆ, ತಾನು ಆ ಚಿತ್ರದವರ ಪೈಕಿಯಲ್ಲ, ತನ್ನ ಪೂರ್ವಿಕರು ಬೇರೆ ದೇಶದಿಂದ ಬಂದವರು ಎಂದು ಸೇರಿಸಬೇಕಾಯಿತು. ಒಂದು ಫೋಟೋ ಮನುಷ್ಯನಿಂದ ಏನೇನು ಹೇಳಿಸಬಲ್ಲದು ನೋಡಿ. ಕ್ಯಾಮೆರಾ ಅದೇ, ಒದ್ದೆ ಫಲಕವೂ ಅದೇ. ಒಬ್ಬಾಕೆ ಮುಖವನ್ನು ನೋಡಿದಳು. ಇವರು ಮಾದರಿಯನ್ನು ನೋಡಿದರು.

ನಮ್ಮವರೇ ಕ್ಯಾಮೆರಾ ಹಿಡಿದಾಗ ಏನಾಯಿತು? ಲಾಲಾ ದೀನ್ ದಯಾಳರು ೧೮೪೪ರಲ್ಲಿ ಸರ್ಧಾನದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೂರಿನಲ್ಲಿ ನೌಕರಿಯಲ್ಲಿದ್ದುಕೊಂಡು ಫೋಟೋ ಕಲಿತವರು. ಮುಂದೆ ಹೈದರಾಬಾದಿನ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾದರು. ಅವರು ೧೮೯೨ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಒಂದು ಸ್ಟುಡಿಯೋ ತೆರೆದರು. ಸುತ್ತ ಎತ್ತರದ ಗೋಡೆ. ಒಳಗೆ ಎಲ್ಲರೂ ಹೆಂಗಸರೇ. ಮೇಲ್ವಿಚಾರಣೆಗೆ ಒಬ್ಬ ಇಂಗ್ಲಿಷ್ ಮಹಿಳೆ. ಘೋಷಾದಲ್ಲಿದ್ದವರೂ ಅಂಜಿಕೆಯಿಲ್ಲದೆ ಬಂದು ಕೂರಬಹುದಾಗಿತ್ತು. ಕೂರುವವರಿಗೆ ಏನು ಸಂಕೋಚ ಎಂದು ಮೊದಲು ತಿಳಿದು ಅದನ್ನು ತೆಗೆದುಹಾಕಬೇಕು ಎಂಬುದನ್ನು ಗೋಡೆ ಕಟ್ಟಿ ತೋರಿಸಿದ ಮನುಷ್ಯ ಅವರು. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ೧೯೨೩ರಲ್ಲಿ ಹುಟ್ಟಿ ೨೦೦೯ರವರೆಗೆ ಬಾಳಿದ ಅವರು ದೇಶವೆಲ್ಲ ಅಲೆದು ಸಾಮಾನ್ಯರ ಮುಖಗಳನ್ನು, ಮುಖ್ಯವಾಗಿ ಮಕ್ಕಳ ಮುಖಗಳನ್ನು ತೆಗೆದರು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ ೧೯೭೯ರಲ್ಲಿ ಅವು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಅವರ ಚಿತ್ರಗಳಲ್ಲಿ ಯಾರೂ ಕ್ಯಾಮೆರಾಕ್ಕೆ ಹೆದರಿ ನಿಂತಿಲ್ಲ.

ಬಣ್ಣದ ವಿಷಯವೊಂದು ಉಳಿಯಿತು. ಹಳೆಯ ಫಲಕಗಳಿಗೆ ನೀಲಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೆಂಪು, ಹಳದಿ ಕಾಣುತ್ತಿರಲಿಲ್ಲ. ಆದ್ದರಿಂದ ಅವುಗಳ ಮೇಲೆ ಹಣೆಯ ಕುಂಕುಮ ಕಪ್ಪು ಬೊಟ್ಟಾಗುತ್ತದೆ, ಅರಿಸಿನದ ಕೆನ್ನೆ ಮಂಕಾಗುತ್ತದೆ, ಕೆಂಪು ಸೀರೆ ಕರಿ ಸೀರೆಯಾಗುತ್ತದೆ. ನಮ್ಮವರ ಮೈಬಣ್ಣವಂತೂ ಇದ್ದದ್ದಕ್ಕಿಂತ ಕಪ್ಪಾಗಿ ಬರುತ್ತಿತ್ತು. ಎಲ್ಲ ಬಣ್ಣವನ್ನೂ ಕಾಣಬಲ್ಲ ಫಲಕಗಳು ೧೯೦೬ರಿಂದ ಮಾರಾಟಕ್ಕೆ ಬಂದವು. ಆಮೇಲೆ ಬಣ್ಣದ ಫಿಲ್ಮು ಬಂದಾಗ ಇನ್ನೊಂದು ಪಂಕ್ತಿಭೇದ. ೧೯೫೦ರ ದಶಕದಿಂದ ಕೊಡ್ಯಾಕ್ ಕಂಪನಿಯವರು ಪ್ರಿಂಟಿನ ಬಣ್ಣ ಸರಿಮಾಡಿಕೊಳ್ಳಲು ಕಳಿಸುತ್ತಿದ್ದ ಮಾದರಿ ಕಾರ್ಡಿನಲ್ಲಿ ಇರುತ್ತಿದ್ದವಳು ಬಿಳಿಯ ಹೆಂಗಸು. ಅದಕ್ಕೆ ಷರ್ಲಿ ಕಾರ್ಡು ಎಂದೇ ಹೆಸರು. ಅವಳ ಬಣ್ಣ ಸರಿಯಾಗಿದ್ದರೆ ಎಲ್ಲ ಸರಿ. ಕಪ್ಪು ಮೈಯವರ ಮುಖದ ವಿವರ ನೆರಳಿನಲ್ಲಿ ಮುಳುಗಿಹೋಗುತ್ತಿತ್ತು. ಫಿಲ್ಮಿನ ಆ ಕುರುಡನ್ನು ಸರಿಪಡಿಸಲು ಒತ್ತಾಯ ಹಾಕಿದವರಲ್ಲಿ ಚಾಕೊಲೇಟು ಮತ್ತು ಮರದ ಪೀಠೋಪಕರಣ ಮಾಡುವವರೂ ಇದ್ದರಂತೆ. ಅವರ ಸರಕಿನ ಕಂದು ಬಣ್ಣ ಜಾಹೀರಾತಿನಲ್ಲಿ ಸರಿಯಾಗಿ ಬರುತ್ತಿರಲಿಲ್ಲವಂತೆ. ಮನುಷ್ಯರ ಕಂದು ಬಣ್ಣಕ್ಕಿಂತ ಮೇಜಿನ ಕಂದು ಬಣ್ಣದ ಕೂಗು ಬೇಗ ಕೇಳಿಸಿತು. ನಾವೂ ಕಡಮೆಯವರಲ್ಲ. 'ಸ್ವಲ್ಪ ಬೆಳ್ಳಗೆ ಬರುವ ಹಾಗೆ ತೆಗೀರಿ' ಎಂದು ಸ್ಟುಡಿಯೋದಲ್ಲಿ ಹೇಳದ ಹೆಣ್ಣು ಹೆತ್ತವರು ಎಷ್ಟು ಮಂದಿ? ಕನ್ನಡಿಯ ಪಕ್ಕದಲ್ಲಿ ಬಾಚಣಿಗೆ, ಪೌಡರ್ ಡಬ್ಬಿ ಇಟ್ಟಿರುತ್ತಿದ್ದುದು ಅದಕ್ಕೇ. ಈಗ ಫೋನೇ ತಾನಾಗಿ ಪೌಡರ್ ಬಳಿಯುತ್ತದೆ. ಅದನ್ನು ಆರಿಸಿಬಿಡಿ ಎಂದು ನನ್ನ ಪ್ರಾರ್ಥನೆ.

ಹಾಗಾದರೆ ನಾವು ಮನೆಯಲ್ಲಿ ಮಾಡುವುದೇನು? ಹಳೆಯ ಸ್ಟುಡಿಯೋದವರು ಉತ್ತರಕ್ಕೆ ಮುಖವಾಗಿ ಗಾಜಿನ ಸೂರು ಹಾಕಿಸುತ್ತಿದ್ದರು. ನೇರ ಬಿಸಿಲು ಬೀಳದೆ ಮೆತ್ತಗಿನ ಬೆಳಕು ಒಂದೇ ಕಡೆಯಿಂದ ಬರಲೆಂದು. ನಮ್ಮ ತೊಟ್ಟಿಮನೆಗಳಲ್ಲಿ ಆ ಬೆಳಕು ಖರ್ಚಿಲ್ಲದೆ ಇಳಿಯುತ್ತಿತ್ತು. ತೊಟ್ಟಿ ಇಲ್ಲದಿದ್ದರೆ ಜಗಲಿ ಇದೆ, ಕಿಟಕಿ ಇದೆ, ಹಿತ್ತಿಲ ಬಾಗಿಲಿದೆ. ಬಿಸಿಲಿನಿಂದ ಎರಡಡಿ ಒಳಗೆ, ನೆರಳಿನಲ್ಲಿ, ಬೆಳಕು ಒಂದು ಕೆನ್ನೆಗೆ ಬೀಳುವಂತೆ ಕೂರಿಸಿ. ಕ್ಯಾಮೆರಾದ ಮಿಂಚುದೀಪ ಬೇಡ, ಅದು ಮುಖವನ್ನು ದೋಸೆಯಂತೆ ಚಪ್ಪಟೆ ಮಾಡುತ್ತದೆ. ಬೆನ್ನ ಹಿಂದೆ ಸುಣ್ಣದ ಬಿಳಿ ಗೋಡೆ ಬಂದರೆ ಕ್ಯಾಮೆರಾ ಗೋಡೆಯ ಬೆಳಕನ್ನು ಲೆಕ್ಕ ಹಿಡಿದು ಮುಖವನ್ನು ಕಪ್ಪು ಮಾಡುತ್ತದೆ. ಅದರ ಬದಲು ಒಳಗಿನ ಕತ್ತಲ ಕೋಣೆ ಹಿಂದಿರಲಿ. ಕ್ಯಾಮೆರಾನಳ ಕಪ್ಪು ಬಟ್ಟೆಯ ಕೆಲಸವನ್ನು ಅದು ಮಾಡುತ್ತದೆ. ಮುಖದ ಹತ್ತಿರಕ್ಕೆ ಫೋನು ಒಡ್ಡಬೇಡಿ. ಹತ್ತಿರದ ಮೂಗು ದಪ್ಪವಾಗಿ, ದೂರದ ಕಿವಿ ಸಣ್ಣದಾಗಿ ಕಾಣುತ್ತದೆ. ಐದಾರು ಅಡಿ ಹಿಂದೆ ಸರಿದು, ಮುಖವನ್ನು ಹತ್ತಿರ ಎಳೆಯುವ ಮಸೂರವಿದ್ದರೆ ಅದನ್ನು ಬಳಸಿ. ಮಕ್ಕಳ ಚಿತ್ರ ತೆಗೆಯುವಾಗ ನೀವೂ ನೆಲದ ಮೇಲೆ ಕುಳಿತುಕೊಳ್ಳಿ.

ನಗಿ ಎಂದು ಮಾತ್ರ ಯಾರಿಗೂ ಹೇಳಬೇಡಿ. ಹಾಗೆ ಹೇಳಿದ ಕೂಡಲೆ ಕಬ್ಬಿಣದ ಕವೆ ಮತ್ತೆ ಬಂದು ಕುತ್ತಿಗೆಗೆ ಕೂತುಬಿಡುತ್ತದೆ. ೧೯೪೧ರ ಡಿಸೆಂಬರ್ ೩೦ರಂದು ಆಟವಾದಲ್ಲಿ ಯೂಸುಫ್ ಕಾರ್ಷ್ ಎಂಬ ಛಾಯಾಗ್ರಾಹಕ ಚರ್ಚಿಲ್ಲರ ಬಾಯಲ್ಲಿದ್ದ ಚುಟ್ಟವನ್ನು ಕಿತ್ತುಕೊಂಡು, ಅವರು ಕೆರಳಿ ನೋಡಿದ ಗಳಿಗೆಯನ್ನು ಹಿಡಿದನಲ್ಲ, ಆ ಉಪಾಯವೂ ನಿಮಗೆ ಬೇಡ. ಮನೆಯ ಹಿರಿಯರ ಬಾಯಿಂದ ಎಲೆಯಡಿಕೆ ಕಿತ್ತುಕೊಳ್ಳಲಾದೀತೆ?

ನಮ್ಮ ತಾಯಿಗೆ ಎಂಬತ್ತು ದಾಟಿದಾಗ ನಾನು ಹಿತ್ತಿಲ ಬಾಗಿಲಲ್ಲಿ ಅವರ ಪಟ ತೆಗೆಯಲು ಹೋದೆ. ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಹೊಸ್ತಿಲ ಬಳಿ ಕೂತಿದ್ದರು. ಕ್ಯಾಮೆರಾ ಕಂಡದ್ದೇ ಮೊರ ಸರಿಸಿ, ಸೆರಗು ಹೊದ್ದು, ಮೊಣಕಾಲಿನ ಮೇಲೆ ಎರಡು ಕೈ ಊರಿ, ನಡುಮನೆಯ ಪಟದವರಂತೆಯೇ ಕೂತುಬಿಟ್ಟರು. ತೆಗೆದೆ, ಇರಲೆಂದು. ಆಮೇಲೆ ಮೊರವನ್ನು ಅವರ ಮುಂದಕ್ಕೆ ತಳ್ಳಿ, ನಾನೂ ಕೂತು ಸುಲಿಯತೊಡಗಿದೆ. ಅವರೆಯ ಸೊಗಡಿನ ಮಾತು ಬಂತು, ಅದರಿಂದ ತವರಿನ ಹೊಲದ ಮಾತು ಬಂತು. ಅರ್ಧ ಗಂಟೆಯಾಗಿರಬಹುದು. ಯಾರದೋ ಹೆಸರು ನೆನಪಿಗೆ ಬಾರದೆ ಕೈಯಲ್ಲಿ ಕಾಯಿ ಹಿಡಿದುಕೊಂಡೇ ಹಿತ್ತಿಲ ಕಡೆ ನೋಡಿದರು. ಆಗ ತೆಗೆದೆ.

ಪ್ರಿಂಟು ಹಾಕಿಸಿ ತಂದು ಕೊಟ್ಟಾಗ ಕನ್ನಡಕ ಹುಡುಕಿ ಹಾಕಿಕೊಂಡು, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸೆರಗು ಜಾರಿದೆ, ಕೂದಲು ಕೆದರಿದೆ ಎಂದು ಬೈಯುತ್ತಾರೆಂದು ನಾನು ಕಾದಿದ್ದೆ.

'ಅಮ್ಮ ಹೀಗೇ ಇದ್ದಳು ಕಣೋ,' ಅಂದರು.